ತುದಿ ಒದ್ದೆಯಾದ ಗೂಡು

ಆ ಮೇಲಿನ ಗೂಡಿನ ತುದಿ ಒದ್ದೆಯಾಗಿದೆಯಲ್ಲ, ಕುರ್ಚಿಯಲ್ಲಿ ಕೂತಲ್ಲಿಂದಲೇ ಮುನಿಶಾಮಮ್ಮನಿಗೆ ಕಂಡುಬಿಟ್ಟಿತು — ಈ ಬೆಂಗಳೂರಿನವರು ಎಸಿ ಹಾಕಿ ಹಲ್ಲು ಕಟಕಟ ಅನ್ನಿಸುತ್ತಾರೆ, ಎತ್ತ ನೋಡಿದರೂ ಬಿಳೀ ಗೋಡೆ, ಗೋಡೆ ಮೇಲೆ ನೋಡಿದರೆ ನಮ್ಮನೆ ಚಂದ್ರಿಕೆ, ಶಿಡ್ಲಘಟ್ಟದಿಂದ ಬಸ್ಸಿನ ಟಾಪ್ ಮೇಲೆ ಬಂದ ಅದೇ ಬಿದಿರಿನ ತಟ್ಟಿ, ಮೈತುಂಬ ರೇಷ್ಮೆಗೂಡು. ಇದಕ್ಕೆ ಮಗಳು ಅಮೃತ ಆರ್ಟು ಅಂತಾಳೆ. ಮೊದಲನೇ ಎಕ್ಸಿಬಿಷನ್ನು ಕಣಮ್ಮ, ಹನ್ನೊಂದಕ್ಕೆ ದೊಡ್ಡೋರೆಲ್ಲ ಬರ್ತಾರೆ, ಕೆಳಗಿಂದ ಕರ್ಕೊಂಡು ಬರ್ತೀನಿ, ನೀನು ಏನೂ ಮುಟ್ಬೇಡ. ಮುಟ್ಟಬೇಡವಂತೆ! ಗೂಡು ಕಟ್ಟೋಕೆ ಹಣ್ಣುಹುಳ ಬಿಟ್ಟು ಹನ್ನೊಂದು ದಿನ ಆಯ್ತಲ್ಲೇ, ಆರನೇ ದಿನಕ್ಕೆ ಬಿಡಿಸಬೇಕಾದ ಗೂಡು, ಇಷ್ಟು ಓದಿದವಳಿಗೆ ದಿನ ಎಣಿಸೋಕೂ ಬರಲ್ವೆ — ತುದಿ ಒದ್ದೆಯಾಯಿತು ಅಂದರೆ ಒಳಗೆ ಚಿಟ್ಟೆ ಎಂಜಲು ಹಚ್ಚುತ್ತಿದೆ, ತೂತು ಬಿದ್ದರೆ ನೂಲು ಬರಲ್ಲ, ಪಕ್ಕದ ಮನೆ ಗಂಗುಲಮ್ಮ ಕೇಳಿದರೆ ಏನಂತಾಳೆ, ಮುನಿಶಾಮಮ್ಮನ ಮಗಳು ಗೂಡು ಹಾಳು ಮಾಡಿ ಬೆಂಗ್ಳೂರೋರಿಗೆಲ್ಲ ತೋರಿಸವ್ಳೆ, ಥೂ, ಮಾನ ಹೋಗುತ್ತೆ — ನಲವತ್ತು ವರ್ಷ ಗೂಡು ಬಿಡಿಸಿದ ಕೈ, ಹೇಳಿದರೆ ಕೇಳುತ್ತದೆಯೇ, ತಾನೇ ಎದ್ದು ಹೋಯಿತು, ಟಕ ಟಕ ಟಕ, ಮಡಿಲು ತುಂಬಿತು, ಎಂಥ ಸುಖ, ಚಳಿಯೂ ಬಿಟ್ಟಿತು, ಇನ್ನು ಆ ಮೇಲಿನದೊಂದು, ಎಟುಕುತ್ತಿಲ್ಲ, ಕುರ್ಚಿ ಎಳೆಯೋಣ —

ಅಜ್ಜೀ, ಏನ್ ಮಾಡ್ಬಿಟ್ರಿ! ವಾಚ್‌ಮನ್ ನಲ್ಲಪ್ಪ ತಲೆ ಮೇಲೆ ಕೈ ಹೊತ್ತು ಬಾಗಿಲಲ್ಲಿ ನಿಂತಿದ್ದಾನೆ, ಚೀಟಿ ಅಂಟ್ಸವ್ರಲ್ಲ, ನೋಡ್ಲಿಲ್ವಾ, ಗಟ್ಟಿಯಾಗಿ ಓದುತ್ತಾನೆ ಬೇರೆ, ಈ ಗೂಡುಗಳನ್ನು ಬಿಡಿಸುವುದಿಲ್ಲ, ಚಿಟ್ಟೆ ಹೊರಗೆ ಬರುವುದನ್ನು ನಿಂತು ನೋಡಿ, ನಮ್ಮಮ್ಮ ಒಮ್ಮೆಯೂ ನೋಡಿಲ್ಲ. ಅಯ್ಯೋ ದೇವುಡಾ. ನಮ್ಮಮ್ಮ ಅಂದರೆ ನಾನೇ. ಹೌದಲ್ಲ, ಎಲ್ಲಿ ನೋಡಿದ್ದೇನೆ, ಬಿಡಿಸಿದ್ದೇ ಬಿಡಿಸಿದ್ದು, ಮಾರ್ಕೆಟ್ಟಿಗೆ ಓಡಿದ್ದೇ ಓಡಿದ್ದು — ಮಡಿಲಿಂದ ಒಂದನ್ನು ತೆಗೆದು ತಟ್ಟಿಗೆ ಒತ್ತಿದಳು, ಬಿತ್ತು, ಎಂಜಲು ಹಚ್ಚಿ ಒತ್ತಿದಳು, ಅದೂ ಬಿತ್ತು, ಗಮ್ ತರ್ಲಾ ಅಜ್ಜಿ, ತಾರಪ್ಪ, ಬೇಡಪ್ಪ, ಸುಮ್ನಿರಪ್ಪ, ಮೆಟ್ಟಿಲ ಮೇಲೆ ಅಮೃತಳ ನಗು, ಹಿಂದೆ ಬೂಟಿನ ಸದ್ದು, ಬನ್ನಿ ಸಾರ್, ನಮ್ಮಮ್ಮನೂ ಬಂದಿದಾರೆ — ಎದುರಿಗೆ ಖಾಲಿ ತಟ್ಟಿ, ಮಡಿಲ ತುಂಬ ಮಗಳ ಎಕ್ಸಿಬಿಷನ್ನು, ಮೇಲೆ ಅದೊಂದೇ ಗೂಡು, ಬಾರಪ್ಪ ಚಿಟ್ಟೆ, ಈಗ್ಲೇ ಬಾ, ನಿನ್ನ ಕಾಲಿಗೆ ಬೀಳ್ತೀನಿ, ಇಷ್ಟು ವರ್ಷದ್ದೆಲ್ಲ ಹೊಟ್ಟೆಗೆ ಹಾಕ್ಕೊಂಡು ಬಾ, ಒದ್ದೆ ತುದಿ, ಅಲುಗಿತೇ, ಇಲ್ಲ, ಒದ್ದೆ ತುದಿ —