ಗೆರೆ ದಾಟಿದ ಕಾಲು

ಊರಿಗೆಲ್ಲ ಅವನು ಏಣಿ. ಆರಡಿ ನಾಲ್ಕಂಗುಲದ ಆಳು ಓಡಿ ಬಂದು ಕೈ ಬೀಸಿದರೆ ಚೆಂಡು ಮಾಳಿಗೆ ಮೇಲಿಂದ ಬಿದ್ದ ಹಾಗೆ ಬೀಳುತ್ತಿತ್ತು. ಹನ್ನೊಂದು ವರ್ಷ ದೇಶಕ್ಕೆ ಆಡಿದ, ಇನ್ನೂರ ಹದಿನಾಲ್ಕು ವಿಕೆಟ್ ಕಿತ್ತ. ಈಗ ಎರಡು ಮಂಡಿಗೂ ಕತ್ತರಿ ಬಿದ್ದಿದೆ. ನಡೆಯೋಕೆ ಕಲಿಯೋ ಮಗುವಿನ ಹಾಗೆ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಾನೆ. ಬೂಟಿನ ಲೇಸು ಕಟ್ಟೋದು ಹೆಂಡತಿ.

ಮೈದಾನದ ಒಂದು ತುದಿಗೆ ಅವನ ಹೆಸರಿಡುತ್ತೇವೆ ಅಂತ ಕ್ರಿಕೆಟ್ ಸಂಸ್ಥೆಯಿಂದ ಕಾಗದ ಬಂದಾಗ ಹೆಂಡತಿ ಅದನ್ನು ಮೂರು ಸಲ ಓದಿದಳು. ಅವನು ಒಂದು ಸಲವೂ ಪೂರ್ತಿ ಓದಲಿಲ್ಲ.

"ಯಾಕ್ರೀ ಮುಖ ಹುಳ್ಳಗೆ ಮಾಡ್ಕೊಂಡಿದ್ದೀರ? ಬದುಕಿರುವಾಗಲೇ ಕಲ್ಲಿನ ಮೇಲೆ ಹೆಸರು ಅಂದ್ರೆ ಸುಮ್ನೇನಾ?"

"ಸತ್ತ ಮೇಲಾಗಿದ್ರೆ ನೋಡೋ ಕರ್ಮ ತಪ್ತಿತ್ತು."

ಅವಳು ತಮಾಷೆ ಅಂದುಕೊಂಡು ನಕ್ಕಳು. ಅವಳಿಗೂ ಅವನು ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ, ಹೇಳಿರಲಿಲ್ಲ.

ಸಮಾರಂಭದ ಹಿಂದಿನ ಮಧ್ಯಾಹ್ನ ಒಬ್ಬನೇ ಮೈದಾನಕ್ಕೆ ಹೋದ. ಪಿಚ್ ಮೇಲೆ ಕುಕ್ಕರಗಾಲಲ್ಲಿ ಕೂತು ಒಬ್ಬ ಕ್ರೀಸಿನ ಬಿಳಿ ಗೆರೆ ಎಳೆಯುತ್ತಿದ್ದ. ದಾರ ಬಿಗಿದು, ಉಸಿರು ಹಿಡಿದು, ಎಡಗೈಯಲ್ಲಿ ಬ್ರಷ್ಷು. ಬಲಗಾಲು ಮಾತ್ರ ಹೊರಕ್ಕೆ ಚಾಚಿತ್ತು. ಆ ಪಾದ ಪೂರ್ತಿ ಬಗ್ಗೋದಿಲ್ಲ. ಊರಿಗೆಲ್ಲ ಅವನು ಎಡಚ. ಮೊದಲು ಅವನ ಅಪ್ಪ ಈ ಮೈದಾನ ನೋಡಿಕೊಳ್ಳುತ್ತಿದ್ದ, ಈಗ ಮಗ.

"ಬಾ ಅಣ್ಣ, ಬಾ! ನಾಳೆ ನೀನೊಂದು ಬಾಲ್ ಹಾಕ್ಬೇಕಂತಲ್ಲ. ಗೆರೆ ನೆಟ್ಟಗಿದೆಯಾ ನೋಡು."

ಏಣಿಗೆ ಗೆರೆ ನೋಡೋಕೆ ಆಗಲಿಲ್ಲ.

ಒಂದು ಕಾಲದಲ್ಲಿ ಎಡಚನ ಎಡಗೈ ಅಂದರೆ ಬ್ಯಾಟ್ ಹಿಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಒಂದು ವರ್ಷ ದೇಶದ ತಂಡದ ವಿದೇಶ ಪ್ರವಾಸಕ್ಕೆ ಒಬ್ಬ ವೇಗದ ಬೌಲರ್ ಬೇಕಾಗಿತ್ತು. ಜಾಗ ಒಂದು, ಆಳು ಇಬ್ಬರು. ಎಡಚನೇ ಹೋಗೋದು ಅಂತ ಕ್ಯಾಂಟೀನಿನವನಿಗೂ ಗೊತ್ತಿತ್ತು. ಏಣಿಗೂ ಗೊತ್ತಿತ್ತು. ಅದೇ ಕಂಟಕವಾಯಿತು.

ಕೊನೆಯ ದಿನದ ನೆಟ್ ಪ್ರಾಕ್ಟೀಸು. ಬೌಲಿಂಗ್ ಮುಗಿಸಿ ಎಡಚ ಸುಮ್ಮನೆ ಬ್ಯಾಟ್ ಹಿಡಿದು ನಿಂತಿದ್ದ. ನೆಟ್ಟಿನಲ್ಲಿ ಅಂಪೈರ್ ಇರೋದಿಲ್ಲ, ಹಾಗಾಗಿ ಬೌಲರ್‌ಗಳೆಲ್ಲ ಅಂಗುಲ ಎರಡಂಗುಲ ಗೆರೆ ದಾಟುತ್ತಾರೆ, ಯಾರೂ ಕೇಳೋದಿಲ್ಲ. ಏಣಿ ದಾಟಿದ್ದು ಎರಡೂವರೆ ಅಡಿ. ಅಷ್ಟು ಹತ್ತಿರದಿಂದ ಬಂದ ಯಾರ್ಕರು ನೇರ ಎಡಚನ ಬಲಪಾದಕ್ಕೆ ಬಿತ್ತು. ಎಡಗೈ ಬೌಲರನ ಮೈಭಾರವೆಲ್ಲ ಬೀಳೋ ಕಾಲು ಅದು. ಮೂಳೆ ಮೂರು ತುಂಡು.

ಹೆದರಿಸೋಕೆ ಹಾಕಿದೆ ಅಂತ ಏಣಿ ತನಗೆ ತಾನೇ ಹೇಳಿಕೊಂಡ. ಸುಳ್ಳು. ಹೆದರಿಸೋನು ತಲೆಯ ಹತ್ತಿರ ಹಾಕುತ್ತಾನೆ, ಪಾದಕ್ಕಲ್ಲ.

ಕೋಚ್ ಬೆನ್ನು ತಿರುಗಿಸಿ ಯಾರ ಜೊತೆಗೋ ಮಾತಾಡುತ್ತಿದ್ದ. ಎಲ್ಲರೂ ಪೆಟ್ಟು ಬಿದ್ದವನ ಕಡೆ ಓಡಿದರು, ಚೆಂಡು ಹೊರಟ ಕಡೆ ಯಾರೂ ನೋಡಲಿಲ್ಲ. ಆದರೆ ಏಣಿಯ ಬೂಟಿನ ಮೊಳೆ ನೆಲದಲ್ಲಿ ಗುಳಿ ತೋಡಿತ್ತು, ಗೆರೆಯಿಂದ ಎರಡೂವರೆ ಅಡಿ ಮುಂದೆ. ಮಗನನ್ನು ಆಸ್ಪತ್ರೆಗೆ ಕಳಿಸಿ ಬಂದ ಅಪ್ಪ ಆ ಗುಳಿಯ ಮುಂದೆ ತುಂಬ ಹೊತ್ತು ನಿಂತ. ಆಮೇಲೆ ಹಸಿ ಮಣ್ಣು ತಂದು ತುಂಬಿದ, ದಿಮ್ಮಿಸೆಯಲ್ಲಿ ಕುಟ್ಟಿದ. ಏಣಿಯ ಮುಖ ನೋಡದೆ ಅಂದ: "ಹೋಗಪ್ಪ, ನಿನಗೆ ವಿಮಾನಕ್ಕೆ ಹೊತ್ತಾಗುತ್ತೆ."

ಆ ಅಪ್ಪ ಇನ್ನೇನು ಮಾಡುತ್ತಿದ್ದ? ಹುಲ್ಲು ಕೊಯ್ಯೋನ ಮಾತನ್ನು ಸಂಸ್ಥೆಯ ಕೋಟಿನವರು ಕೇಳುತ್ತಿದ್ದರಾ? ಕೆಲಸ ಕಿತ್ತು ಗೇಟಿನಾಚೆ ನಿಲ್ಲಿಸುತ್ತಿದ್ದರು.

ಏಣಿ ವಿಮಾನ ಹತ್ತಿದ.

"ನಿಮ್ಮಪ್ಪ ಯಾವತ್ತಾದ್ರೂ ಆ ದಿನದ ಬಗ್ಗೆ ಏನಾದ್ರೂ ಹೇಳಿದ್ರಾ?" ಅಂತ ಈಗ ಕೇಳಿದ.

"ಯಾವ ದಿನ? ಕಾಲು ಮುರಿದ ದಿನವಾ? ಏನೂ ಇಲ್ಲ. ಸಾಯೋವರೆಗೂ ಆ ಮಾತೆತ್ತಿದ್ರೆ ಎದ್ದು ಹೋಗೋನು." ಎಡಚ ಬ್ರಷ್ಷು ಡಬ್ಬಿಗೆ ಅದ್ದಿದ. "ತಪ್ಪು ನಂದೇ ಬಿಡಣ್ಣ. ಕಾಲು ತೆಗೆಯೋದು ತಡ ಮಾಡಿದೆ. ನನ್ನ ಮಗಳಿಗೂ ಅದನ್ನೇ ಹೇಳ್ತೀನಿ, ಸೋಮಾರಿ ಕಾಲು ಕಣೇ ನಿಮ್ಮಪ್ಪಂದು ಅಂತ."

ನೆಲ ಬಾಯಿ ಬಿಡಬಾರದಾ ಅನ್ನಿಸಿತು ಏಣಿಗೆ. ಇಷ್ಟು ವರ್ಷ ಇವನಿಗೆ ಗೊತ್ತಿದ್ದೂ ಸುಮ್ಮನಿದ್ದಾನೆ ಅಂದುಕೊಂಡಿದ್ದ. ಬೈದಿದ್ದರೆ, ಹೊಡೆದಿದ್ದರೆ ವಾಸಿಯಿತ್ತು. ಇವನು ತನ್ನ ಕಾಲನ್ನೇ ಬೈದುಕೊಂಡು ಬದುಕಿದ್ದಾನೆ!

"ತಡ ಆಗಿರ್ಲಿಲ್ಲ ಕಣೋ," ಅಂದ. "ನಾನು ಮುಂದೆ ಬಂದಿದ್ದೆ."

"ಎಲ್ಲರೂ ಬರ್ತಾರೆ ಬಿಡು, ನೆಟ್ಟಿನಲ್ಲಿ."

"ಎರಡೂವರೆ ಅಡಿ. ಬೇಕೂಂತ."

ಬ್ರಷ್ಷಿನಿಂದ ಸುಣ್ಣ ತೊಟ್ಟಿಕ್ಕಿತು. ಎಳೆದ ಗೆರೆ ಒಂದು ಕಡೆ ಕೆಟ್ಟಿತು. ಎಡಚ ನಿಧಾನಕ್ಕೆ ಎದ್ದ, ಮೊದಲು ಎಡಗಾಲು, ಆಮೇಲೆ ಕೈ ಊರಿ ಬಲಗಾಲು.

"ಅಪ್ಪನಿಗೆ ಗೊತ್ತಿತ್ತಾ?"

"ಗುಳಿ ಮುಚ್ಚಿದ್ದೇ ಅವರು."

ಎಡಚ ಬ್ರಷ್ಷನ್ನು ಡಬ್ಬಿಗೆ ಹಾಕಿದ. ಆಮೇಲೆ ಕೇಳಿದ: "ನನ್ನ ಹತ್ರ ಯಾಕೆ ಹೇಳ್ತಿದೀಯ? ನನ್ನ ಕಾಲು ಸೋಮಾರಿ ಅಂತ ನಕ್ಕಿದ್ದು ನಾನೊಬ್ಬನೇ ಅಲ್ಲ, ಊರೆಲ್ಲ. ನಾಳೆ ಮೈಕಲ್ಲಿ ಹೇಳು."

"ಹೇಳ್ತೀನಿ."

"ಹೇಳ್ತೀಯ," ಅಂದ ಎಡಚ, ನಂಬಿದವನ ಹಾಗಲ್ಲ. ಬಗ್ಗಿ ಕೆಟ್ಟ ಗೆರೆಯನ್ನು ಒರೆಸತೊಡಗಿದ.

ಮಾರನೆ ದಿನ ಕುರ್ಚಿಗಳೆಲ್ಲ ತುಂಬಿದವು. ಜೀವಮಾನದಲ್ಲಿ ಒಂದು ಓವರ್ ಹಾಕದವರೆಲ್ಲ ವೇಗದ ಬೌಲಿಂಗ್ ಬಗ್ಗೆ ಕೊರೆದರು. ಏಣಿಯದು ಪ್ರಾಮಾಣಿಕ ಬೆವರು ಅಂದರು. ಮೊದಲ ಸಾಲಿನಲ್ಲಿ ಹೆಂಡತಿ ಕಣ್ಣು ಒರೆಸಿಕೊಂಡಳು. ಕಲ್ಲಿನ ಮೇಲಿನ ಪರದೆ ಸರಿಯಿತು. ಮೈಕು ಏಣಿಯ ಕೈಗೆ ಬಂತು.

ಇನ್ನೂರ ಹದಿನಾಲ್ಕು ವಿಕೆಟ್ ಕಿತ್ತವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದ. "ಎಲ್ಲರಿಗೂ... ಧನ್ಯವಾದ," ಅಂದ. ಕೂತ. ಚಪ್ಪಾಳೆಯೋ ಚಪ್ಪಾಳೆ. ಎಷ್ಟು ವಿನಯ ನೋಡಿ ಅಂದರು. ಥೂ.

ಆಮೇಲೆ ಆ ಒಂದು ಬಾಲ್. ಸಂಸ್ಥೆಯ ಅಧ್ಯಕ್ಷರು ಹೊಟ್ಟೆಯ ಕೆಳಗೆ ಪ್ಯಾಡ್ ಕಟ್ಟಿಕೊಂಡು ಬ್ಯಾಟ್ ಹಿಡಿದು ನಿಂತರು. "ಲೋ, ಸಾಹೇಬ್ರ ಕೋಟು ಹಿಡ್ಕೊಳ್ಳೋ," ಅಂತ ಯಾರೋ ಎಡಚನನ್ನು ಕೂಗಿದರು. ಏಣಿಯ ಕೋಟು ಹಿಡಿದು ಎಡಚ ಸ್ಟಂಪಿನ ಹಿಂದೆ ನಿಂತ. ಅಂಪೈರ್ ನಿಲ್ಲೋ ಜಾಗ ಅದು.

ಏಣಿ ನಾಲ್ಕೇ ಹೆಜ್ಜೆ ಕುಂಟಿಕೊಂಡು ಬಂದ. ಕಾಲು ಗೆರೆಯಿಂದ ಒಂದಡಿ ಹಿಂದೆಯೇ ಊರಿದ. ಎಲ್ಲರಿಗೂ ಕಾಣೋ ಹಾಗೆ ಹಿಂದೆ. ಚೆಂಡು ಎರಡು ಪುಟ ಬಿದ್ದು ಅಧ್ಯಕ್ಷರ ಬ್ಯಾಟಿಗೆ ತಾಗಿತು.

"ನೋ ಬಾಲ್!"

ಎಡಚ ಎಡಗೈಯನ್ನು ಅಡ್ಡಕ್ಕೆ, ಭುಜದ ನೇರಕ್ಕೆ ಚಾಚಿ ನಿಂತಿದ್ದ. ಇನ್ನೊಂದು ಕೈಯಲ್ಲಿ ಕೋಟು.

ಮೈದಾನವೆಲ್ಲ ಗೊಳ್ಳೆಂದಿತು. ಅಧ್ಯಕ್ಷರ ಹೊಟ್ಟೆ ಕುಲುಕಿತು. "ಭಲೇ ತಮಾಷೆ ಆಸಾಮಿ! ಕಾಲು ಎಲ್ಲಿದೆ, ಗೆರೆ ಎಲ್ಲಿದೆ!"

ಎಡಚ ನಗಲಿಲ್ಲ. ಕೈ ಇಳಿಸಲೂ ಇಲ್ಲ. ಏಣಿ ತಿರುಗಿ ಆ ಕೈ ನೋಡಿದ. ಒಂದು ಕಾಲಕ್ಕೆ ಎಂಥ ಕೈ ಅದು. ಅಡ್ಡಡ್ಡ ಹೆಜ್ಜೆ ಹಾಕುತ್ತ ಮೈಕಿನ ಹತ್ತಿರ ಹೋದ. ಹೆಂಡತಿಯ ಕಡೆ ನೋಡಿದರೆ ಬಾಯಿ ಬರೋದಿಲ್ಲ ಅಂತ ನೆಲ ನೋಡಿದ.

"ಅವನು ಹೇಳಿದ್ದು ಸರಿ," ಅಂದ. "ಅದು ನೋ ಬಾಲೇ. ಇವತ್ತಿಂದಲ್ಲ."

ಜನ ಇನ್ನೂ ನಗುತ್ತಲೇ ಇದ್ದರು. ಅವನು ಹೇಳುತ್ತ ಹೋದ. ನೆಟ್ಟು, ಎರಡೂವರೆ ಅಡಿ, ಗುಳಿ, ಹಸಿ ಮಣ್ಣು. ಮೊದಲು ಹಿಂದಿನ ಸಾಲುಗಳ ನಗು ನಿಂತಿತು, ಆಮೇಲೆ ಮುಂದಿನ ಸಾಲುಗಳದು. ಕೊನೆಗೆ ಅಧ್ಯಕ್ಷರೊಬ್ಬರೇ ನಗುತ್ತಿದ್ದರು, ಪಿಚ್ಚಿನ ಆ ತುದಿಯಲ್ಲಿ ಅವರಿಗೆ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಆಗ ಎಡಚ ಕೈ ಇಳಿಸಿದ. ಕೋಟನ್ನು ಮಡಚಿ ಸ್ಟಂಪಿನ ಮೇಲೆ ಹಾಕಿ, ಕಾಲೆಳೆಯುತ್ತ, ಏಣಿಯ ಕಡೆ ನೋಡದೆ ನಡೆದುಹೋದ.