ಮುಂಜಾನೆಯ ಬಡಿತ

ಅತ್ತೆಯ ಬೆನ್ನಿಗೆ ನೀರು ಹಾಕಲು ಕಾಂಚನಾ ತಂಬಿಗೆ ಎತ್ತಿದ್ದಳು. ರಾಜಶ್ರೀ ಅವಳ ಮುಂಗೈಯನ್ನು ಗಪ್ಪನೆ ಹಿಡಿದಳು.

"ಬಿಡು. ನಮ್ಮವ್ವನ ಬೆನ್ನ ಮ್ಯಾಲೆ ನಿನ್ನ ಕೈ ಬಿದ್ದದ್ದು ಸಾಕು."

ಹಿತ್ತಲಲ್ಲಿ ಸೀರೆಯ ಮರೆ ಕಟ್ಟಿ ಹಾಲವ್ವನ ಮೈ ತೊಳೆಯುತ್ತಿದ್ದ ಹೆಂಗಸರು ತಲೆ ತಗ್ಗಿಸಿದರು. ಹಾಲವ್ವ ಕೋಳಿ ಕೂಗುವ ಹೊತ್ತಿಗೆ ಹೋಗಿದ್ದಳು, ಮೂರು ದಿನದ ಜ್ವರ ನೆಪವಾಗಿ. ರಾಜಶ್ರೀ ಜಮಖಂಡಿಯಿಂದ ಮೊದಲ ಬಸ್ಸಿಗೆ ಓಡಿ ಬಂದ ಮಗಳು. ಕಾಂಚನಾ ಹನ್ನೆರಡು ವರ್ಷ ಜೊತೆಗಿದ್ದ ಸೊಸೆ. ಹೆಣದ ಮುಂದೆ ಮಗಳ ಮಾತಿಗೇ ತೂಕ ಹೆಚ್ಚು. ಕಾಂಚನಾ ತಂಬಿಗೆ ಕೊಟ್ಟು ಹಿಂದೆ ಸರಿದಳು.

ರಾಜಶ್ರೀ ನೀರು ಹಾಕುತ್ತ ಅವ್ವನ ಬೆನ್ನನ್ನು ಅಂಗುಲ ಅಂಗುಲವಾಗಿ ನೋಡಿದಳು. ಬಾಸುಂಡೆ, ಕಂದಿದ ಕಲೆ, ಏನಾದರೊಂದು ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದಳು. ಸಿಕ್ಕಿದ್ದು ಮುದಿ ಚರ್ಮ, ಎಣಿಸಬಹುದಾದ ಎಲುಬು, ಹುಟ್ಟಿನಿಂದಲೂ ಇದ್ದ ಒಂದು ಮಚ್ಚೆ.

"ಒಳಪೆಟ್ಟು ಹೊರಗ ಕಾಣಂಗಿಲ್ಲವಾ," ಎಂದು ಪಕ್ಕದ ಮನೆಯ ಲಗಮವ್ವ ಮೆಲ್ಲಗೆ ಹೇಳಿದಳು. ಲಗಮವ್ವನದು ಹಾಗೆ, ಕಂಡದ್ದಕ್ಕೂ ಸಾಕ್ಷಿ, ಕಾಣದ್ದಕ್ಕೂ ಸಾಕ್ಷಿ.

ಬನಹಟ್ಟಿಯ ಆ ಓಣಿಯಲ್ಲಿ ಸಾವಾದರೆ ಮಣ್ಣು ಮುಗಿಯುವ ತನಕ ಯಾರೂ ಮಗ್ಗ ಹಾಕುವುದಿಲ್ಲ. ಹಗಲೆಲ್ಲ ಪಾವರ್‌ಲೂಮಿನ ಸದ್ದಿನೊಳಗೇ ಉಂಡು, ಜಗಳಾಡಿ, ನಿದ್ದೆ ಮಾಡುವ ಓಣಿ ಇವತ್ತು ಗಪ್ಪಾಗಿತ್ತು. ಕಾಂಚನಾಳಿಗೆ ತಾನು ನೀರಿನೊಳಗೆ ನಡೆಯುತ್ತಿರುವಂತೆ ಅನಿಸಿತು. ಜನ ಬಾಯಿ ಆಡಿಸುತ್ತಿದ್ದರು, ಮಾತು ತಡವಾಗಿ ಬಂದು ಮುಟ್ಟುತ್ತಿತ್ತು. ಮುಂಜಾನೆ ಗಂಟೆ ಐದೂವರೆಯಾದಾಗ ಅವಳ ಎರಡೂ ಅಂಗೈ ತಾವಾಗಿಯೇ ಕುಳಿ ಬಿದ್ದಿದ್ದವು. ಈಗಲೂ ಹಾಗೇ ಇದ್ದವು. ಸೆರಗಿನಡಿ ಮುಚ್ಚಿಟ್ಟುಕೊಂಡಳು.

ರಾಜಶ್ರೀ ಒಣ ಸೀರೆ ತರಲು ಅವ್ವನ ಕೋಣೆಗೆ ಹೋದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ನಾಲ್ಕು ವರ್ಷದಿಂದ ಅವಳು ಈ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಅವ್ವನನ್ನು ನೋಡಬೇಕೆನಿಸಿದರೆ ಬಸ್‌ಸ್ಟ್ಯಾಂಡಿಗೆ ಕರೆಸಿಕೊಳ್ಳುತ್ತಿದ್ದಳು. ಈಗ ನೋಡಿದರೆ ಮಂಚದ ಕಾಲ್ದೆಸೆಗೆ ಎರಡೆರಡು ಇಟ್ಟಿಗೆ ಇಟ್ಟು ಏರಿಸಿದ್ದರು. ಪಕ್ಕದ ಗೋಡೆಗೆ, ನೆಲದಿಂದ ಮೊಣಕಾಲೆತ್ತರದಲ್ಲಿ, ಕಸಬರಿಗೆಯ ಜೊತೆ ಅವಳ ಮದುವೆಯ ಫೋಟೋ. ಅದೂ ಅಡ್ಡಡ್ಡ. ಬಾಸಿಂಗ ಕಟ್ಟಿಕೊಂಡ ಮದುಮಕ್ಕಳು ಗೋಡೆಯ ಮೇಲೆ ಮಲಗಿಬಿಟ್ಟಿದ್ದರು.

"ಮಂಚ ಓರೆ, ಫೋಟೋ ಅಡ್ಡ. ಈ ಮನ್ಯಾಗ ಒಂದರೆ ನೆಟ್ಟಗ ಐತೇನು?" ಅವಳ ದನಿ ಒಡೆಯಿತು. "ನನ್ನ ಮದವಿ ಅಡ್ಡ ಬೀಳ್ಲಿ ಅಂತ ಹಾಕ್ಯಾಳ ಅಕಿ."

ನಾಲ್ಕು ವರ್ಷದಿಂದ ಅವಳು ಅಣ್ಣನ ಹೆಂಡತಿ ಕಾಂಚನಾಳನ್ನು ವೈನಿ ಎಂದಿರಲಿಲ್ಲ. ಅಕಿ, ಅಷ್ಟೇ.

ಬಾಗಿಲಲ್ಲಿದ್ದ ಅಣ್ಣ ಮಹಾಲಿಂಗ ಹೆಂಡತಿ ಕಾಂಚನಾಳ ಹತ್ತಿರ ಬಂದ. "ಅವ್ವ ಹೋದ್ಲು. ಇನ್ನರೆ ಹೇಳಿಬಿಡ್ಲ್ಯಾ?"

"ಬ್ಯಾಡ್ರಿ. ಆಣಿ ಮಾಡೀವಿ. ಮಣ್ಣಾಗೂ ತನಕರೆ ನಿಲ್ಲಲಿ."

"ಎಲ್ಲಾರ ಮುಂದ ನಿನ್ನ ಹಿಂಗ ಅಂದ್ರ?"

ಕಾಂಚನಾಳಿಗೆ ಹೆಸರು ಉಳಿಯಬೇಕೆಂಬ ಆಸೆ ಹೋಗಿ ಬಹಳ ದಿನವಾಗಿತ್ತು. ಬೇಕಾಗಿದ್ದದ್ದು ಒಂದೇ. ಅತ್ತೆಯನ್ನು ಎತ್ತಿ ಒಯ್ಯುವ ಮೊದಲು ಒಂದು ಸಲ ಆ ಬೆನ್ನು ಮುಟ್ಟಬೇಕು. ಅದಕ್ಕೂ ಅಡ್ಡಿ ಬಂತಲ್ಲ.

*

ಹತ್ತು ವರ್ಷದ ಹಿಂದಿನ ಮಾತು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದ ಹಾಲವ್ವ ಕೆಮ್ಮಿ ಕೆಮ್ಮಿ ಬಟ್ಟಲು ತುಂಬ ಕಫ ಕಾರಿದಳು. ಅತ್ತೆ ಸೊಸೆ ಇಬ್ಬರೇ, ಯಾರಿಗೂ ಹೇಳದೆ, ದೂರದ ದೊಡ್ಡ ದವಾಖಾನೆಗೆ ಹೋದರು.

"ಟೀಬಿ ಅಲ್ಲ ಇದು, ಯಾರಿಗೂ ಅಂಟೂದಿಲ್ಲ," ಎಂದರು ಡಾಕ್ಟರು. ಬ್ರಾಂಕಿಯೆಕ್ಟೇಸಿಸ್ ಎಂದು ಉದ್ದ ಹೆಸರು ಹೇಳಿದರು. "ಉಸಿರಿನ ಕೊಳವಿ ಸಡ್ಲಾಗ್ಯಾವ. ಕಫ ತಾನಾಗೇ ಮ್ಯಾಲೆ ಬರಂಗಿಲ್ಲ. ದಿನಾ ಎರಡು ಸಲ ನೀವ ತಗೀಬೇಕು. ಒಂದಿನ ಬಿಟ್ರ ಒಳಗ ಕೊಳಿತೈತಿ."

ಅಲ್ಲಿನ ಒಬ್ಬ ನರ್ಸ್ ಬಾಯಿ ಕಲಿಸಿಕೊಟ್ಟಳು. ಕಾಲು ಮೇಲೆ, ತಲೆ ಕೆಳಗೆ ಮಾಡಿ ಮಗ್ಗುಲಾಗಿ ಮಲಗಿಸುವುದು. ನೀರು ಮೊಗೆಯುವಂತೆ ಅಂಗೈ ಕುಳಿ ಮಾಡಿ ಬೆನ್ನು, ಪಕ್ಕೆ ತಟ್ಟುವುದು. ಆಮೇಲೆ ಕನ್ನಡಿಗೆ ಉಸಿರು ಹಚ್ಚುವಂತೆ 'ಹಾ' ಎನ್ನಿಸುವುದು. ಕೈ ಸರಿಯಾಗಿ ಕುಳಿ ಬಿದ್ದಿದ್ದರೆ ಸದ್ದು ದೊಡ್ಡದು, ನೋವು ಇಲ್ಲವೇ ಇಲ್ಲ. ಚಪ್ಪಟೆ ಬಿದ್ದರೆ ಸದ್ದು ಸಣ್ಣದು, ನೋವು ಜೋರು.

ಬರುವಾಗ ಬಸ್ಸಿನಲ್ಲಿ ಹಾಲವ್ವ ಸೊಸೆಯ ಕೈ ಹಿಡಿದು ತನ್ನ ಕೊರಳ ಲಿಂಗದ ಮೇಲೆ ಇಟ್ಟಳು. "ಯಾರಿಗೂ ಹೇಳಬ್ಯಾಡ ಯವ್ವಾ. ಹೋದ ವರ್ಷ ನಾ ಕೆಮ್ಮಿದ್ದ ಕೇಳೇ ರಾಜಶ್ರೀನ ನೋಡಾಕ ಬಂದವ್ರು ಎದ್ದ ಹೋದ್ರು. ಈ ಸಲದ ಬೀಗರು ಮೊದಲ ಕೇಳ್ಯಾರ, ಮನ್ಯಾಗ ಯಾರಿಗರೆ ಎದಿ ಜಡ್ಡು ಐತೇನು ಅಂತ. ಅಂಟೂದಿಲ್ಲ ಅಂದ್ರ ಯಾರ ನಂಬ್ತಾರ? ನಾ ಸತ್ರೂ ಅಕಿಗೆ ಹೇಳಬ್ಯಾಡ. ಅಕಿ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ." ಮನೆಗೆ ಬಂದು ಮಹಾಲಿಂಗನೊಬ್ಬನಿಗೆ ಹೇಳಿ, ಅವನಿಂದಲೂ ಅದೇ ಆಣೆ ಮಾಡಿಸಿದಳು.

*

ಅಂದಿನಿಂದ ದಿನಾ ಮುಂಜಾನೆ ಐದೂವರೆಗೆ ಕದ ಹಾಕಿಕೊಂಡು ಶುರು. ಮಗ್ಗಗಳು ಎದ್ದಿರದ ಹೊತ್ತು ಅದು. ಟಪ್, ಟಪ್, ಟಪ್ ಎಂಬುದೊಂದೇ ಓಣಿಯಲ್ಲಿ. ಸಂಜೆಯದು ಮಗ್ಗಗಳ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಹಾಸ್ಟೆಲಿನಲ್ಲಿ ಓದುತ್ತಿದ್ದ ರಾಜಶ್ರೀ ಮನೆಗೆ ಬಂದಾಗ, ಅವಳ ಮದುವೆಯಾದ ಮೇಲೂ, ಇಟ್ಟಿಗೆ ಅಡಗಿಸಿ ಮುಂಜಾನೆಯದನ್ನೂ ಮಗ್ಗ ಎದ್ದ ಮೇಲೆಯೇ ಮುಗಿಸುವರು. ಹಾಲವ್ವ ತಲೆ ಕೆಳಗಾಗಿ ಅರೆನಿದ್ದೆಯಲ್ಲಿ ತೇಲುತ್ತ ಮಾತಾಡುವಳು. "ಎದ್ಯಾಗ ನಂದೊಂದು ಬಾವಿ ಐತಿ ನೋಡು. ದಿನಾ ಸೇದಿದ್ರ ನೀರು ಛಲೋ." ಕೆಲವೊಮ್ಮೆ ತನ್ನ ತವರಿನ ಹೊಳೆ, ಕೆಲವೊಮ್ಮೆ ಸತ್ತ ಗಂಡನ ಕೈಮಗ್ಗ. "ಈಗ ನಿನ್ನ ಕೈ ಲಯಕ್ಕ ಬಂತು," ಎನ್ನುವಳು. ಕಾಂಚನಾ ನೂರು ಎಣಿಸುವಳು, ಮತ್ತೆ ನೂರು. ಕೊನೆಗೆ, "ಹಾ ಅನ್ರಿ ಅತ್ತಿ."

ಸದ್ದು ಗೋಡೆ ದಾಟಿತು. ಟಪ್ ಟಪ್, ಆಮೇಲೆ ಮುದುಕಿಯ 'ಹಾ, ಹಾ', ಆಮೇಲೆ ಕೆಮ್ಮು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದಿತು ಓಣಿ. ನಾಲ್ಕು ವರ್ಷದ ಹಿಂದೆ ಲಗಮವ್ವ ಜಮಖಂಡಿಗೆ ಫೋನು ಹಚ್ಚಿದಳು. ರಾಜಶ್ರೀ ಬಂದು ರಂಪ ಮಾಡಿದಳು. ಹಾಲವ್ವ "ನಮ್ಮ ಮನಿ ಸುದ್ದಿ, ನೀ ಸುಮ್ಮಿರು" ಎಂದಳೇ ಹೊರತು ಇಲ್ಲ ಎನ್ನಲಿಲ್ಲ.

ಅವತ್ತು ಕಾಂಚನಾಳಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮರುದಿನ ಕೈ ಚಪ್ಪಟೆ ಬಿತ್ತು. ಸದ್ದು ಸಣ್ಣದಾಯಿತು. ಹಾಲವ್ವ ಉಸಿರು ಹಿಡಿದು ಪೆಟ್ಟು ತಡೆದುಕೊಂಡು ಹೇಳಿದಳು: "ನನ್ನ ಮಗಳ ಬಾಳೇವ ಉಳಿಸಾಕ ನಿನ್ನ ಹೆಸರು ಕೆಡಿಸೀನಿ, ಖರೆ. ಬಡಿ, ಇನ್ನೊಂದೆರಡು ಹಂಗ ಬಡಿ." ಕಾಂಚನಾ ಅಳುತ್ತ ಮತ್ತೆ ಅಂಗೈ ಕುಳಿ ಮಾಡಿದಳು.

*

ಅಯ್ಯನವರು ಬಂದರು. ಸತ್ತವರನ್ನು ಕೂರಿಸಿಯೇ ಪೂಜೆ, ಮಣ್ಣಲ್ಲೂ ಕೂರಿಸಿಯೇ ಇಡುವುದು ಆ ಮನೆತನದ ಪದ್ಧತಿ. ವಿಭೂತಿ ಹಚ್ಚಿ ಹಾಲವ್ವನನ್ನು ಪಡಸಾಲೆಯ ಗೋಡೆಗೆ ಆನಿಸಿದರು. ಹಾಲವ್ವ ಬಲಕ್ಕೆ ವಾಲಿದಳು. ಎತ್ತಿ ಕೂರಿಸಿದರು. ಮತ್ತೆ ಬಲಕ್ಕೆ. ಹತ್ತು ವರ್ಷ ಅದೇ ಮಗ್ಗುಲಿಗೆ ಮಲಗಿದ ಮೈ. ರಾಜಶ್ರೀ ಹಿಡಿದರೆ ಅವಳ ಕೈಯಿಂದಲೂ ಜಾರಿತು. ಈ ಸಲ ಹಾಲವ್ವ ಮುಖವಡಿಯಾಗಿ ಬೀಳುವಂತಾದಾಗ ಕಾಂಚನಾ ಯಾರನ್ನೂ ಕೇಳದೆ ಬಗ್ಗಿದಳು. ಎಡಗೈ ಎದೆಗೆ ಕೊಟ್ಟು ಅತ್ತೆಯನ್ನು ತಡೆದಳು. ಬಲಗೈ ಬೆನ್ನಿಗೆ ಹೋಯಿತು.

ಆಮೇಲೆ ಆದದ್ದನ್ನು ಅವಳು ಮಾಡಲಿಲ್ಲ, ಅವಳ ಕೈ ಮಾಡಿತು.

ಟಪ್. ಟಪ್. ಟಪ್.

"ಹಾ ಅನ್ರಿ ಅತ್ತಿ."

ಹಾಲವ್ವನ ತುಟಿಯಿಂದ, ಒಳಗೆಲ್ಲೋ ಉಳಿದಿದ್ದ ಗಾಳಿ, ಮೆಲ್ಲಗೆ 'ಹಾ' ಎಂದು ಬಂದಂತಾಯಿತು. ಬಂತೋ, ಬಂದಂತೆ ಕೇಳಿಸಿತೋ. ಭಜನೆಯವರ ತಾಳ ನಿಂತಿತು.

"ಇದ ಸಪ್ಪಳ," ಎಂದಳು ಲಗಮವ್ವ. ದಿನಾ ಕೇಳಿದ್ದನ್ನು ಇವತ್ತು ಮೊದಲ ಸಲ ಕಣ್ಣಿಂದ ನೋಡಿದ್ದಳು.

ಮಹಾಲಿಂಗ ಇನ್ನು ತಡೆಯಲಾಗದೆ ಹೇಳಿಬಿಟ್ಟ. ದವಾಖಾನೆ, ಕಫ, ಇಟ್ಟಿಗೆ, ಆಣೆ, ಎಲ್ಲ. "ನಿನ್ನ ಸಂಬಂಧ ರಾಜಶ್ರೀ. ನಿನ್ನ ಬೀಗರ ಸಂಬಂಧ."

ರಾಜಶ್ರೀ ಅಣ್ಣನ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. "ನೀವ ಹಿಡಕೋರಿ," ಎಂದಳು, "ನಿಮಗ ಗೊತ್ತೈತಿ." ಮೆರವಣಿಗೆ ಹೊರಡುವ ತನಕ ಕಾಂಚನಾ ಅತ್ತೆಯ ಬೆನ್ನಿಗೆ ಕೈ ಕೊಟ್ಟು ಕೂತಿದ್ದಳು. ಹಾಲವ್ವ ಮತ್ತೆ ವಾಲಲಿಲ್ಲ.

ಮಣ್ಣು ಮುಗಿಸಿ, ಮೈ ತೊಳೆದು ಎಲ್ಲರೂ ಮನೆಗೆ ಬಂದಾಗ ಇಳಿಹೊತ್ತು. ಕೋಣೆಯಲ್ಲಿ ಕಾಂಚನಾ ಮಂಚದ ಕೆಳಗಿನ ಇಟ್ಟಿಗೆ ತೆಗೆಯಲು ಬಗ್ಗಿದ್ದಳು.

"ತಡೀರಿ ವೈನಿ."

ರಾಜಶ್ರೀ ಬಂದು ಓರೆ ಮಂಚದ ಮೇಲೆ ತಲೆ ಕೆಳಗಾಗಿ, ಬಲ ಮಗ್ಗುಲಿಗೆ ಮಲಗಿದಳು. "ಅವ್ವಗ ಬಡ್ಯೂ ಹಂಗ ನನಗ ಬಡೀರಿ."

ಕಾಂಚನಾ ತಟ್ಟಿದಳು. ಸದ್ದು ಕೋಣೆ ತುಂಬಿತು, ನೋವು ಎಲ್ಲೂ ಇರಲಿಲ್ಲ. ಹೊರಗೆ ದೂರದಲ್ಲಿ ಒಂದು ಮಗ್ಗ ಎದ್ದಿತು, ಆಮೇಲೆ ಇನ್ನೊಂದು. ಆ ಲಯದಲ್ಲಿ ರಾಜಶ್ರೀಯ ಕಣ್ಣು ಮುಚ್ಚಿಕೊಂಡವು. ಅವಳು ಮತ್ತೆ ಕಣ್ಣು ತೆರೆದಾಗ ಎದುರಿಗೆ ಗೋಡೆ ಇತ್ತು. ಗೋಡೆಯ ಮೇಲೆ, ಅವಳ ಕಣ್ಣಿನ ಮಟ್ಟಕ್ಕೇ ಸರಿಯಾಗಿ, ಬಾಸಿಂಗ ಕಟ್ಟಿಕೊಂಡ ಮದುಮಗಳು ನೆಟ್ಟಗೆ ನಿಂತು ಅವಳನ್ನು ನೋಡಿ ನಗುತ್ತಿದ್ದಳು.