ಧೂಳಿಲ್ಲದ ದಂಡೆ

ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಆ ವರ್ಷಗಳಲ್ಲಿ ಮರಿಯಮ್ಮನಹಳ್ಳಿಯಲ್ಲಿ ಯಾರು ಕೆಮ್ಮಿದರೂ ಯಾಕೆಂದು ಕೇಳುವವರಿರಲಿಲ್ಲ. ಕೆಮ್ಮಿದವರ ಕೈಗೆ ಒಂದು ಚೂರು ಬೆಲ್ಲ ಇಡುವುದು ಎಲ್ಲ ಮನೆಗಳ ರೂಢಿ. ಬೆಲ್ಲ ತಿಂದರೆ ಗಂಟಲಿನ ಧೂಳು ಇಳಿಯುತ್ತದೆಂಬ ನಂಬಿಕೆ.

ಪಕೀರಮ್ಮ ಮಗಳು ಅಂಜಲಿಗೂ ಬೆಲ್ಲವನ್ನೇ ಕೊಟ್ಟಳು. ಮಳೆಗಾಲದಲ್ಲಿ ಹಂದಿಜ್ವರ ಬಂದು ಅಂಜಲಿ ಸಾಯುವ ಹಾಗೆ ಮಲಗಿದ್ದಳು. ಜ್ವರ ಬಿಟ್ಟಾಗ ಹೊಸಪೇಟೆಯ ಡಾಕ್ಟರು, ಇಷ್ಟು ಬೇಗ ಓಡಲು ಹೋಗಬೇಡ, ಮೊದಲು ನಡೆ, ಎದೆ ಭಾರವಾದರೆ ನಿಲ್ಲಿಸಿ ನನ್ನ ಹತ್ತಿರ ಬಾ ಎಂದಿದ್ದರು. ಆದರೆ ಪೊಲೀಸ್ ಸೆಲೆಕ್ಷನ್ ಹತ್ತಿರ ಬಂದಿತ್ತು. ಈ ಸಲ ತಪ್ಪಿದರೆ ಅವಳ ವಯಸ್ಸು ಮೀರುತ್ತಿತ್ತು. ಬರೆಯುವ ಪರೀಕ್ಷೆ ಪಾಸಾಗಿತ್ತು, ಉಳಿದದ್ದು ಓಟ ಮಾತ್ರ.

ಲಾರಿ ರಸ್ತೆಯ ಬದಿಯಲ್ಲಿ ಓಡಿ ಬಂದ ಅಂಜಲಿ ಗೋಡೆ ಹಿಡಿದು ನಿಂತಳು.

"ಎದಿ ಬಿಗಿತೈತವ್ವ."

"ಧೂಳ ಕುಂತೈತಿ ಬಿಡು, ಬೆಲ್ಲ ತಿನ್ನು," ಎಂದ ಅಪ್ಪ ಹೊನ್ನೂರಪ್ಪ. ಅವನೂ ಅದಿರಿನ ಟಿಪ್ಪರ್ ಡ್ರೈವರು. ದಿನಾ ಕೆಮ್ಮಿ ಕೆಂಪು ಧೂಳು ಉಗುಳುವವನು. ಅವನ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ.

ಪಕೀರಮ್ಮನಿಗೆ ಒಂದು ದಾರಿ ಹೊಳೆಯಿತು. ತಂಗಿ ವಿರುಪಮ್ಮ ಇರುವುದು ಬುಕ್ಕಸಾಗರದಲ್ಲಿ. ಅಲ್ಲಿ ಭತ್ತದ ಗದ್ದೆ, ಕಾಲುವೆ, ತಣ್ಣನೆ ಗಾಳಿ. ಅಲ್ಲಿ ಮಗಳು ಸಲೀಸಾಗಿ ಓಡುತ್ತಾಳೆಂದುಕೊಂಡು ಇಬ್ಬರೂ ಬಟ್ಟೆ ಕಟ್ಟಿಕೊಂಡು ಹೋದರು.

"ಪೊಲೀಸಮ್ಮ ಬಂದ್ಲು. ಇನ್ನ ನಮ್ಮ ಕೋಳಿ ಕದ್ದೋರಿಗೆ ಐತಿ," ಎಂದು ವಿರುಪಮ್ಮ ನಕ್ಕಳು.

ಬೆಳಗ್ಗೆ ಅಂಜಲಿ ಕಾಲುವೆಯ ದಂಡೆಯ ಮೇಲೆ ಓಡಿದಳು. ಅಕ್ಕತಂಗಿಯರು ತೂಬಿನ ಹತ್ತಿರ ಕೂತು ನೋಡುತ್ತಿದ್ದರು. ಗಾಳಿ ತಿಳಿಯಾಗಿತ್ತು. ಹುಡುಗಿ ಇನ್ನೂ ಜೋರು ಮಾಡಿದಳು. ಆಮೇಲೆ ಯಾರೋ ಹಿಂದಿನಿಂದ ಜಗ್ಗಿದ ಹಾಗೆ ವಾಲಿ ಹುಲ್ಲಿನ ಮೇಲೆ ಬಿದ್ದಳು.

ಓಡಿಹೋಗಿ ನೋಡಿದರೆ ತುಟಿ ನೀಲಿಯಾಗಿತ್ತು. ಕುತ್ತಿಗೆಯ ನರ ದಿಕ್ಕುತಪ್ಪಿದಂತೆ ಹೊಡೆದುಕೊಳ್ಳುತ್ತಿತ್ತು. ಪಕೀರಮ್ಮನ ಕೈ ತಾನಾಗಿಯೇ ಸೆರಗಿನ ಗಂಟಿನಲ್ಲಿದ್ದ ಬೆಲ್ಲಕ್ಕೆ ಹೋಯಿತು. ವಿರುಪಮ್ಮ ಆ ಕೈ ಹಿಡಿದಳು.

"ಅಕ್ಕಾ, ಇಲ್ಲಿ ಯಾವ ಧೂಳೈತಿ?"

ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಬೈಯಲಿಲ್ಲ. ಜ್ವರ ಹೃದಯಕ್ಕೆ ತಗುಲಿ ಅದು ಊದಿಕೊಂಡಿದೆ, ತಿಂಗಳುಗಟ್ಟಲೆ ವಿಶ್ರಾಂತಿ ಬೇಕು, ನಾನು ಪರೀಕ್ಷೆ ಮಾಡಿ ಹೇಳುವ ತನಕ ಒಂದು ಹೆಜ್ಜೆಯೂ ಓಡುವ ಹಾಗಿಲ್ಲ ಎಂದರು. ಅಂಜಲಿ ಸೆಲೆಕ್ಷನ್ ವಿಷಯ ತೆಗೆದಳು. ನಿಧಾನಕ್ಕೆ ಓಡಿದರೆ ನಡೆಯುವುದಿಲ್ಲವೇ ಎಂದು ಹೊನ್ನೂರಪ್ಪನೂ ಕೇಳಿದ.

"ಓಡಿದ್ರೆ ಅಲ್ಲೇ ಪ್ರಾಣ ಹೋಗಬಹುದು," ಎಂದರು ಡಾಕ್ಟರು.

ಸೆಲೆಕ್ಷನ್ ದಿನ ಅಂಜಲಿ ನಸುಕಿನಲ್ಲಿ ಎದ್ದು ಬೂಟು ಕಟ್ಟಿಕೊಂಡಳು. ಪಕೀರಮ್ಮ ಅಡ್ಡ ನಿಂತಳು, ಕೈಮುಗಿದಳು. ಬರೀ ನೋಡಿ ಬರುತ್ತೇನೆ ಎಂದಳು ಮಗಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ತಾಯಿ ಅವಳ ಹಿಂದೆಯೇ ಬಸ್ ಸ್ಟ್ಯಾಂಡಿಗೆ ನಡೆದಳು.

ಬಳ್ಳಾರಿ ಬಸ್ಸಿನಲ್ಲಿ ಸೆಲೆಕ್ಷನ್‌ಗೆ ಹೊರಟಿದ್ದ ಜೊತೆಯ ಹುಡುಗಿಯರು ಕಿಟಕಿಯಿಂದ ಕೈ ಬೀಸಿ ಕರೆಯುತ್ತಿದ್ದರು. ಅಂಜಲಿ ಕಂಬಿ ಹಿಡಿದು ಮೊದಲ ಮೆಟ್ಟಿಲು ಹತ್ತಿದಳು. ಎರಡನೆಯದನ್ನೂ ಹತ್ತಿದಳು. ಅಲ್ಲೇ ನಿಂತುಬಿಟ್ಟಳು. ಬೆನ್ನು ಏರಿಳಿಯುತ್ತಿದ್ದುದು ಕೆಳಗೆ ನಿಂತ ತಾಯಿಗೆ ಕಾಣುತ್ತಿತ್ತು.

"ಬರ್ತೀಯೋ ಇಲ್ಲೋ ಹೇಳವ್ವ, ಟೈಮಾತು," ಎಂದ ಕಂಡಕ್ಟರು.

ಹೇಳುವಷ್ಟು ಉಸಿರಿರಲಿಲ್ಲ. ಅವಳು ಇಲ್ಲವೆಂದು ತಲೆಯಾಡಿಸಿ, ಕಂಬಿ ಬಿಡದೆ, ಒಂದೊಂದೇ ಮೆಟ್ಟಿಲು ಇಳಿದಳು. ಬಸ್ಸು ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ತಾಯಿಯ ಹೆಗಲ ಮೇಲೆ ಕೈ ಹಾಕಿದಳು.

"ಮೆಲ್ಲಗ ನಡಿಯವ್ವ," ಎಂದಳು.